ರಷ್ಯನ್ನರ ಮನೋಧರ್ಮ ಮತ್ತು ಜಾಗತಿಕ ರಾಜಕೀಯದ ಬಗ್ಗೆ ಅವರ ನಿಲುವು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಇಡೀ ದೇಶದ ಜನರಿಗೆ ಒಂದೇ ಸ್ವಭಾವ ಇರಲು ಸಾಧ್ಯವೇ?

ಹುಟ್ಟಿನಿಂದಲೇ ಬರುವ ಗುಣ ಎಂಬ ಅರ್ಥದಲ್ಲಿ ಸಾಧ್ಯವಿಲ್ಲ. ಬಾಲ್ಟಿಕ್ ಸಮುದ್ರದ ದಂಡೆಯ ಕಲಿನಿನ್‌ಗ್ರಾಡ್‌ನಿಂದ ಪೆಸಿಫಿಕ್ ತೀರದ ಕಮ್ಚಾಟ್ಕಾವರೆಗೆ 11 ಕಾಲವಲಯಗಳಲ್ಲಿ ಹರಡಿಕೊಂಡಿರುವ, ಹದಿನಾಲ್ಕು ಕೋಟಿಗೂ ಹೆಚ್ಚು ಜನರಿರುವ ದೇಶವೊಂದನ್ನು ಒಂದು ವಿಶೇಷಣದಲ್ಲಿ ಹಿಡಿದಿಡುವುದು ಆ ಜನರಿಗೆ ಮಾಡುವ ಅನ್ಯಾಯ. ಆದರೂ ಒಂದೇ ಚರಿತ್ರೆಯನ್ನು ಅನುಭವಿಸಿದವರು, ಒಂದೇ ಬಗೆಯ ಪಠ್ಯಪುಸ್ತಕ ಓದಿದವರು, ಒಂದೇ ಬಗೆಯ ಆಡಳಿತಕ್ಕೆ ಒಗ್ಗಿಕೊಂಡವರು ಕೆಲವು ಸಂಗತಿಗಳಿಗೆ ಸರಿಸುಮಾರು ಒಂದೇ ರೀತಿ ಪ್ರತಿಕ್ರಿಯಿಸುತ್ತಾರೆ ಎಂಬುದನ್ನು ಅಲ್ಲಗಳೆಯಲಾಗದು.

ಇಂಥ ಸಮಾನ ಅಂಶಗಳಲ್ಲಿ ಅತ್ಯಂತ ಮುಖ್ಯವಾದದ್ದು ಪ್ರಭುತ್ವದ ಜೊತೆ ಅಲ್ಲಿನ ಜನರಿಗಿರುವ ಸಂಬಂಧ ಎಂದು ನನಗೆ ಅನ್ನಿಸುತ್ತದೆ. ತಮ್ಮ ದೇಶ ದೊಡ್ಡದು, ಬಲಿಷ್ಠವಾದದ್ದು ಎಂಬ ಹೆಮ್ಮೆ ಅವರಲ್ಲಿ ಆಳವಾಗಿದೆ. ಆ ದೇಶವನ್ನು ಆಳುವವರ ಮೇಲೆ, ಅಂದರೆ ಅಧಿಕಾರಿ, ಪೊಲೀಸ್, ನ್ಯಾಯಾಲಯಗಳ ಮೇಲೆ, ಅಪನಂಬಿಕೆಯೂ ಅಷ್ಟೇ ಆಳವಾಗಿದೆ. ಈ ಎರಡು ಭಾವನೆಗಳು ಒಬ್ಬನೇ ಮನುಷ್ಯನಲ್ಲಿ ಜಗಳವಾಡದೆ ಒಟ್ಟಿಗೆ ಇರುವುದನ್ನು ಗಮನಿಸಿದರೆ ಮುಂದಿನ ಹಲವು ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆ.

ರಷ್ಯನ್ನರು ನಗುವುದಿಲ್ಲ, ಒರಟು ಜನ ಎನ್ನುತ್ತಾರಲ್ಲ?

ಅಪರಿಚಿತರನ್ನು ಕಂಡು ಸೌಜನ್ಯಕ್ಕಾಗಿ ನಗುವ ರೂಢಿ ಅಲ್ಲಿ ಕಡಿಮೆ. ಅಂಗಡಿಯವರಾಗಲಿ ಕಚೇರಿಯ ಗುಮಾಸ್ತರಾಗಲಿ ಮುಖ ಗಂಟಿಕ್ಕಿಕೊಂಡಿದ್ದರೆ ಅದನ್ನು ಅವಮಾನವೆಂದು ಯಾರೂ ಭಾವಿಸುವುದಿಲ್ಲ. ಮನೆಯೊಳಗೆ ಕರೆದ ಮೇಲೆ ಅದೇ ಜನರ ನಡವಳಿಕೆ ಸಂಪೂರ್ಣ ಬೇರೆಯಾಗುತ್ತದೆ: ಇದ್ದಬದ್ದದ್ದನ್ನೆಲ್ಲ ಮೇಜಿನ ಮೇಲಿಟ್ಟು ಅತಿಥಿಗೆ ಒತ್ತಾಯಿಸಿ ಬಡಿಸುತ್ತಾರೆ, ನಡುರಾತ್ರಿಯವರೆಗೆ ಮನಸ್ಸು ಬಿಚ್ಚಿ ಮಾತನಾಡುತ್ತಾರೆ.

ಇದಕ್ಕೊಂದು ಚಾರಿತ್ರಿಕ ಹಿನ್ನೆಲೆಯೂ ಇದೆ. ಸ್ಟಾಲಿನ್ ಕಾಲದಲ್ಲಿ ನಗರವಾಸಿಗಳು ಒಂದೇ ಅಡುಗೆಮನೆಯನ್ನು ಹಲವು ಕುಟುಂಬಗಳು ಹಂಚಿಕೊಳ್ಳುವ ಮನೆಗಳಲ್ಲಿದ್ದರು. ಪಕ್ಕದ ಕೋಣೆಯವರು ಏನು ಕೇಳಿಸಿಕೊಂಡು ಯಾರಿಗೆ ಹೇಳುತ್ತಾರೋ ಎಂಬ ಅಂಜಿಕೆ ಇದ್ದೇ ಇತ್ತು. 1950ರ ದಶಕದ ಕೊನೆಯಿಂದ, ಸ್ಟಾಲಿನ್ ನಂತರದ ನಾಯಕ ಕ್ರುಶ್ಚೇವ್ ಕಟ್ಟಿಸಿದ ಚಿಕ್ಕ ಚಿಕ್ಕ ಫ್ಲ್ಯಾಟುಗಳು ಬಂದ ಮೇಲೆ ಸ್ವಂತ ಅಡುಗೆಮನೆಯೇ ಜನ ನಿರ್ಭಯವಾಗಿ ಮಾತನಾಡಬಲ್ಲ ಜಾಗವಾಯಿತು. ಹೊರಗೆ ಎಚ್ಚರ, ಒಳಗೆ ಬಿಚ್ಚುಮನಸ್ಸು ಎಂಬ ಈ ಅಭ್ಯಾಸವು ಅಲ್ಲಿನ ಜನಾಭಿಪ್ರಾಯವನ್ನು ಅಳೆಯುವ ಕೆಲಸವನ್ನು ಇಂದಿಗೂ ಕಷ್ಟಕರವಾಗಿಸಿದೆ.

ಕುಡಿತದ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದು ಅಲ್ಲಿ ಅನೇಕ ಕುಟುಂಬಗಳನ್ನು ಹಾಳುಮಾಡಿದ್ದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2003ರಿಂದ 2016ರ ನಡುವೆ ಮದ್ಯಸೇವನೆ ಶೇ. 43ರಷ್ಟು ತಗ್ಗಿತು, ತೆರಿಗೆ, ಮಾರಾಟದ ವೇಳೆಯ ನಿರ್ಬಂಧ, ಜಾಹೀರಾತು ನಿಷೇಧಗಳು ಅದಕ್ಕೆ ಕಾರಣ. ರಕ್ತದಲ್ಲೇ ಇದೆ ಎಂದು ಜಗತ್ತು ನಂಬಿದ್ದ ಅಭ್ಯಾಸವೊಂದು ಹದಿಮೂರು ವರ್ಷಗಳ ಸರ್ಕಾರಿ ನೀತಿಗೆ ಇಷ್ಟು ಬಗ್ಗಿತೆಂದ ಮೇಲೆ, ಉಳಿದ ‘ಸ್ವಭಾವ’ಗಳ ಬಗ್ಗೆಯೂ ನಾವು ಎರಡು ಸಲ ಯೋಚಿಸಬೇಕು.

ರಷ್ಯಾದಲ್ಲಿರುವವರೆಲ್ಲ ರಷ್ಯನ್ನರೇ?

ಅಲ್ಲ. ಜನಸಂಖ್ಯೆಯ ಬಹುಪಾಲು ರಷ್ಯನ್ ಜನಾಂಗದವರೇ ಆದರೂ ತಾತಾರರು, ಬಷ್ಕಿರರು, ಚೆಚೆನ್ನರು, ಚುವಾಷರು, ಬುರ್ಯಾತರು, ಯಾಕುತರು ಸೇರಿ ನೂರಕ್ಕೂ ಹೆಚ್ಚು ಸಮುದಾಯಗಳಿವೆ. ವೋಲ್ಗಾ ತೀರದ ಕಜಾನ್‌ನಲ್ಲಿ ಮಸೀದಿಗಳಿವೆ, ಬುರ್ಯಾತಿಯಾದಲ್ಲಿ ಬೌದ್ಧ ವಿಹಾರಗಳಿವೆ. ಈ ಬರಹದಲ್ಲಿ ಅನುಕೂಲಕ್ಕಾಗಿ ‘ರಷ್ಯನ್ನರು’ ಎಂದು ಬಳಸಿದ್ದರೂ ಈ ವೈವಿಧ್ಯವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಉಕ್ರೇನ್ ಯುದ್ಧದಲ್ಲಿ ಬುರ್ಯಾತಿಯಾ, ತುವಾದಂಥ ಬಡ ಪ್ರದೇಶಗಳು ತಮ್ಮ ಜನಸಂಖ್ಯೆಗೆ ಹೋಲಿಸಿದರೆ ಮಾಸ್ಕೋ ನಗರಕ್ಕಿಂತ ಬಹಳ ಹೆಚ್ಚು ಸೈನಿಕರನ್ನು ಕಳೆದುಕೊಂಡಿವೆ.

ಹೊರಗಿನವರ ಬಗ್ಗೆ ಅವರಿಗೆ ಇಷ್ಟು ಸಂಶಯ ಏಕೆ?

ರಷ್ಯಾದ ಪಶ್ಚಿಮಕ್ಕೆ ಹಿಮಾಲಯದಂಥ ಗೋಡೆಯೂ ಇಲ್ಲ, ಸಮುದ್ರವೂ ಇಲ್ಲ, ಬಟಾಬಯಲು. 1237ರಲ್ಲಿ ಪೂರ್ವದ ಕಡೆಯಿಂದ ಮಂಗೋಲರು ಬಂದರು; ಅವರಿಗೆ ಕಪ್ಪ ಕೊಡುವ ಸ್ಥಿತಿ ಎರಡು ಶತಮಾನಕ್ಕೂ ಮೀರಿ ನಡೆಯಿತು. 1610ರಿಂದ 1612ರವರೆಗೆ ಪೋಲೆಂಡಿನ ಸೇನೆ ಮಾಸ್ಕೋದ ಕ್ರೆಮ್ಲಿನ್‌ನಲ್ಲೇ ಕುಳಿತಿತ್ತು. ಸ್ವೀಡನ್ನಿನ ದೊರೆ ಹನ್ನೆರಡನೇ ಚಾರ್ಲ್ಸ್ ದಂಡೆತ್ತಿ ಬಂದು 1709ರಲ್ಲಿ ಪೋಲ್ತಾವಾದಲ್ಲಿ ಸೋತ. 1812ರಲ್ಲಿ ನೆಪೋಲಿಯನ್ ಮಾಸ್ಕೋವರೆಗೂ ಬಂದ. 1941ರಲ್ಲಿ ಹಿಟ್ಲರನ ಸೇನೆ ಮಾಸ್ಕೋದ ಹೊಸ್ತಿಲಿಗೆ ಬಂದು ನಿಂತಿತು. ಪ್ರತಿಯೊಂದು ಮಗುವೂ ಶಾಲೆಯಲ್ಲಿ ಈ ಸರಣಿಯನ್ನು ಕಲಿಯುತ್ತದೆ. ಪೋಲರನ್ನು ಮಾಸ್ಕೋದಿಂದ ಓಡಿಸಿದ ನೆನಪಿಗೆ 2005ರಿಂದ ನವೆಂಬರ್ 4 ರಾಷ್ಟ್ರೀಯ ರಜಾದಿನವಾಗಿದೆ.

ಇದಿಷ್ಟೂ ಸತ್ಯ, ಆದರೆ ಅರ್ಧ ಸತ್ಯ. ಮಾಸ್ಕೋದ ಸುತ್ತಲಿನ ಚಿಕ್ಕ ಸಂಸ್ಥಾನವೊಂದು ಭೂಮಿಯ ಅತಿ ದೊಡ್ಡ ದೇಶವಾಗಿ ಬೆಳೆದದ್ದು ಬರೀ ಆತ್ಮರಕ್ಷಣೆಯಿಂದ ಅಲ್ಲ. 1552ರಲ್ಲಿ ಕಜಾನ್ ಬಿತ್ತು, ಹದಿನೇಳನೇ ಶತಮಾನದ ಮಧ್ಯಕ್ಕೆ ಸೈಬೀರಿಯಾ ದಾಟಿ ಪೆಸಿಫಿಕ್ ಮುಟ್ಟಿದ್ದಾಯಿತು, ಹದಿನೆಂಟನೇ ಶತಮಾನದ ಕೊನೆಯಲ್ಲಿ ಪೋಲೆಂಡನ್ನು ನೆರೆಯ ರಾಜರ ಜೊತೆ ಸೇರಿ ಹಂಚಿಕೊಂಡದ್ದಾಯಿತು, ಆಮೇಲೆ ಕಾಕಸಸ್ ಮತ್ತು ಮಧ್ಯ ಏಷ್ಯಾ. ಬುಡಾಪೆಸ್ಟಿನ ಬೀದಿಗಳಿಗೆ 1956ರಲ್ಲಿ, ಪ್ರಾಗ್‌ಗೆ 1968ರಲ್ಲಿ ನುಗ್ಗಿದ ಟ್ಯಾಂಕುಗಳು ಸೋವಿಯತ್ ಟ್ಯಾಂಕುಗಳೇ. ತಮ್ಮ ಮೇಲಾದ ದಾಳಿಗಳನ್ನು ಕಣ್ಣೀರಿನೊಂದಿಗೆ ಕಲಿಸಿ, ತಾವು ಮಾಡಿದ ದಾಳಿಗಳನ್ನು ಎರಡು ಸಾಲಿನಲ್ಲಿ ಮುಗಿಸುವ ಪಾಠಕ್ರಮದಿಂದ ಬೆಳೆದವರಿಗೆ ಪೋಲೆಂಡ್, ಎಸ್ಟೋನಿಯಾದಂಥ ನೆರೆಯವರ ಭಯ ಅರ್ಥವಾಗುವುದು ಕಷ್ಟ.

ಮೇ 9ರ ವಿಜಯ ದಿನಕ್ಕೆ ಅಷ್ಟು ಮಹತ್ವ ಏಕೆ?

ಅದು 1945ರಲ್ಲಿ ನಾಜಿ ಜರ್ಮನಿಯನ್ನು ಸೋಲಿಸಿದ ನೆನಪಿನ ದಿನ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟದ ಸುಮಾರು 2.7 ಕೋಟಿ ಜನ ಸತ್ತರು. ಲೆನಿನ್‌ಗ್ರಾಡ್ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ನಗರ 1941ರ ಸೆಪ್ಟೆಂಬರಿನಿಂದ 1944ರ ಜನವರಿವರೆಗೆ, 872 ದಿನ, ಮುತ್ತಿಗೆಯಲ್ಲಿತ್ತು; ಹಸಿವಿನಿಂದಲೇ ಲಕ್ಷಾಂತರ ಜನ ಪ್ರಾಣ ಬಿಟ್ಟರು. ಒಬ್ಬರನ್ನಾದರೂ ಕಳೆದುಕೊಳ್ಳದ ಮನೆ ಅಲ್ಲಿ ವಿರಳ. ಆದ್ದರಿಂದ ಆ ದಿನದ ದುಃಖ ಮತ್ತು ಹೆಮ್ಮೆಗಳನ್ನು ಸರ್ಕಾರದ ಪ್ರಚಾರವೆಂದು ತಳ್ಳಿಹಾಕುವವರು ಮನುಷ್ಯರ ನೋವಿಗೆ ಕುರುಡರು.

2012ರಲ್ಲಿ ಸೈಬೀರಿಯಾದ ತೋಮ್ಸ್ಕ್ ನಗರದ ಕೆಲವು ಪತ್ರಕರ್ತರು ಒಂದು ಮೆರವಣಿಗೆ ಆರಂಭಿಸಿದರು. ಸೈನಿಕ ಕವಾಯತು ಬೇಡ, ಭಾಷಣ ಬೇಡ, ಪ್ರತಿಯೊಬ್ಬರೂ ಯುದ್ಧದಲ್ಲಿ ಹೋರಾಡಿದ ತಮ್ಮ ಅಜ್ಜನದೋ ಅಜ್ಜಿಯದೋ ಚಿತ್ರ ಹಿಡಿದು ನಡೆದರೆ ಸಾಕು ಎಂಬುದು ಅವರ ಆಶಯವಾಗಿತ್ತು. ‘ಅಮರ ದಳ’ ಎಂಬ ಈ ಮೆರವಣಿಗೆ ದೇಶದ ಉದ್ದಗಲಕ್ಕೆ ಹಬ್ಬಿತು. ಹಬ್ಬುತ್ತಿದ್ದಂತೆ ಸರ್ಕಾರ ಅದನ್ನು ತನ್ನದಾಗಿಸಿಕೊಂಡಿತು, 2015ರಲ್ಲಿ ಸ್ವತಃ ಅಧ್ಯಕ್ಷ ಪುಟಿನ್ ತಂದೆಯ ಚಿತ್ರ ಹಿಡಿದು ನಡೆದರು. ಮನೆಮನೆಯ ಶೋಕವು ಪ್ರಭುತ್ವದ ಬಂಡವಾಳವಾಗುವ ಬಗೆ ಇದು. ಉಕ್ರೇನ್ ಮೇಲಿನ ದಾಳಿಗೆ 2022ರಲ್ಲಿ ‘ನಾಜಿಗಳ ವಿರುದ್ಧದ ಹೋರಾಟ’ ಎಂಬ ಹೆಸರು ಕೊಟ್ಟಾಗ ಆ ಬಂಡವಾಳವೇ ಬಳಕೆಯಾಯಿತು. ಅಂದಹಾಗೆ, ರಷ್ಯನ್ನರು ನೆನೆಯುವ ‘ಮಹಾ ದೇಶಭಕ್ತಿಯ ಯುದ್ಧ’ 1941ರ ಜೂನ್ 22ರಿಂದ ಶುರುವಾಗುತ್ತದೆ. ಪೋಲೆಂಡನ್ನು ಹಂಚಿಕೊಳ್ಳಲು 1939ರ ಆಗಸ್ಟಿನಲ್ಲಿ ಹಿಟ್ಲರನ ಜೊತೆ ಮಾಡಿಕೊಂಡ ಗುಪ್ತ ಒಪ್ಪಂದವನ್ನು ಸೋವಿಯತ್ ಒಕ್ಕೂಟ 1989ರವರೆಗೆ ಒಪ್ಪಿಕೊಂಡಿರಲಿಲ್ಲ.

ಜಗತ್ತು ಮೆಚ್ಚಿದ ಗೋರ್ಬಚೇವ್ ಸ್ವದೇಶದಲ್ಲಿ ಏಕೆ ಜನಪ್ರಿಯರಾಗಲಿಲ್ಲ?

1996ರ ಅಧ್ಯಕ್ಷೀಯ ಚುನಾವಣೆಯಲ್ಲಿ, ಸೋವಿಯತ್ ಒಕ್ಕೂಟದ ಕೊನೆಯ ನಾಯಕರಾಗಿದ್ದ ಮಿಖಾಯಿಲ್ ಗೋರ್ಬಚೇವ್ ಅವರಿಗೆ ಬಿದ್ದ ಮತ ಶೇ. 0.5ರಷ್ಟು. ಇದು ಕೃತಘ್ನತೆಯಂತೆ ಕಾಣಬಹುದು, ಆದರೆ ಆ ವರ್ಷಗಳನ್ನು ಅಲ್ಲಿ ಬದುಕಿದವರ ಕಣ್ಣಿನಿಂದ ನೋಡಬೇಕು. 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೆಂಬ ದೇಶವೇ ಇಲ್ಲವಾಯಿತು. ಸುಮಾರು ಎರಡೂವರೆ ಕೋಟಿ ರಷ್ಯನ್ನರು ಒಂದು ಹೆಜ್ಜೆಯನ್ನೂ ಇಡದೆ ಪರದೇಶದ ನಿವಾಸಿಗಳಾದರು. 1992ರ ಜನವರಿಯಲ್ಲಿ ಬೆಲೆ ನಿಯಂತ್ರಣ ತೆಗೆದ ಮೇಲೆ ಒಂದೇ ವರ್ಷದಲ್ಲಿ ಬೆಲೆಗಳು ಇಪ್ಪತ್ತೈದು ಪಟ್ಟಿಗೂ ಮೀರಿ ಏರಿದವು, ಜೀವಮಾನದ ಉಳಿತಾಯ ಕರಗಿತು. 1993ರ ಅಕ್ಟೋಬರಿನಲ್ಲಿ ಅಧ್ಯಕ್ಷ ಯೆಲ್ಸಿನ್ ಸಂಸತ್ ಭವನದ ಮೇಲೆ ಟ್ಯಾಂಕುಗಳಿಂದ ಗುಂಡು ಹಾರಿಸಿದರು. 1980ರ ದಶಕದ ಕೊನೆಯಲ್ಲಿ ಸುಮಾರು 65 ವರ್ಷವಿದ್ದ ಗಂಡಸರ ಸರಾಸರಿ ಆಯುಷ್ಯ 1994ರಲ್ಲಿ 58ಕ್ಕಿಂತ ಕೆಳಗಿಳಿಯಿತು. ಯುದ್ಧವಿಲ್ಲದ ಕಾಲದಲ್ಲಿ ಇಂಥ ಕುಸಿತ ಅಪರೂಪ. 1998ರ ಆಗಸ್ಟಿನಲ್ಲಿ ಮತ್ತೊಮ್ಮೆ ರೂಬಲ್ ನೆಲಕಚ್ಚಿತು.

ಪಶ್ಚಿಮದವರು ಇದೇ ಕಾಲವನ್ನು ‘ಸ್ವಾತಂತ್ರ್ಯದ ದಶಕ’ ಎಂದು ಕರೆಯುವಾಗ ರಷ್ಯನ್ನರಿಗೆ ಆಗುವ ಕಸಿವಿಸಿಯನ್ನು ಊಹಿಸಿಕೊಳ್ಳಿ. ಪ್ರಜಾಪ್ರಭುತ್ವ ಎಂಬ ಮಾತು ಅನೇಕರ ನೆನಪಿನಲ್ಲಿ ಸಂಬಳ ಬಾರದ ತಿಂಗಳುಗಳಿಗೆ ಅಂಟಿಕೊಂಡಿದೆ. 2000ದ ನಂತರ ತೈಲ ಬೆಲೆ ಏರಿ, ಸಂಬಳ ಮತ್ತು ಪಿಂಚಣಿ ಸಕಾಲಕ್ಕೆ ಬಂದದ್ದು ಪುಟಿನ್ ಅವರ ಅದೃಷ್ಟವೂ ಹೌದು, ಅವರ ಜನಪ್ರಿಯತೆಯ ತಳಹದಿಯೂ ಹೌದು. ಆಗ ಆದ ಮೌನ ಒಪ್ಪಂದವನ್ನು ಹೀಗೆ ಹೇಳಬಹುದು: ನಮ್ಮ ಬದುಕಿಗೆ ಕೈಹಾಕಬೇಡಿ, ನಿಮ್ಮ ರಾಜಕೀಯಕ್ಕೆ ನಾವು ತಲೆಹಾಕುವುದಿಲ್ಲ.

ರಷ್ಯಾ ಯೂರೋಪಿಗೆ ಸೇರಿದ್ದೋ ಏಷ್ಯಾಕ್ಕೋ?

ಈ ಚರ್ಚೆಗೆ ಸುಮಾರು ಇನ್ನೂರು ವರ್ಷ. ರಷ್ಯಾ ಜಗತ್ತಿಗೆ ಏನನ್ನೂ ಕೊಟ್ಟಿಲ್ಲ ಎಂಬರ್ಥದ ಪತ್ರವನ್ನು 1836ರಲ್ಲಿ ಪ್ರಕಟಿಸಿದ ಚಿಂತಕ ಪ್ಯೋತರ್ ಚಾದಾಯೆವ್‌ರನ್ನು ಚಕ್ರವರ್ತಿ ಒಂದನೇ ನಿಕೊಲಾಯ್ ಹುಚ್ಚನೆಂದು ಘೋಷಿಸಿದ. ಆ ಪತ್ರದ ಕಿಡಿಯಿಂದ ಪಶ್ಚಿಮವಾದಿಗಳು ಮತ್ತು ಸ್ಲಾವ್ ಪರಂಪರಾವಾದಿಗಳೆಂಬ ಎರಡು ಬಣಗಳು ಹುಟ್ಟಿಕೊಂಡವು. ಒಂದು ಬಣಕ್ಕೆ ಪೀಟರ್ ದೊರೆ ತೋರಿದ ಯೂರೋಪಿನ ದಾರಿಯೇ ದಾರಿ. ಇನ್ನೊಂದಕ್ಕೆ ಆರ್ಥೊಡಾಕ್ಸ್ ಧರ್ಮ ಮತ್ತು ಹಳ್ಳಿಯ ಸಾಮುದಾಯಿಕ ಬದುಕೇ ಆಸರೆ. ಇಂದಿನ ಸರ್ಕಾರ ಎರಡನೆಯ ಬಣದ ಮಾತುಗಳನ್ನು ಎರವಲು ಪಡೆದು ‘ರಷ್ಯಾ ತಾನೇ ಒಂದು ನಾಗರಿಕತೆ’ ಎನ್ನುತ್ತಿದೆ. 2023ರ ವಿದೇಶಾಂಗ ನೀತಿಯ ದಾಖಲೆಯಲ್ಲೂ ಈ ಮಾತಿದೆ. ಆದರೆ ಹಳೆಯ ಸ್ಲಾವ್‌ವಾದಿಗಳು ಸೆನ್ಸಾರನ್ನೂ ಜೀತಪದ್ಧತಿಯನ್ನೂ ವಿರೋಧಿಸಿದ್ದರು ಎಂಬುದನ್ನು ಆ ಎರವಲು ಮರೆಮಾಚುತ್ತದೆ.

ರಷ್ಯನ್ನರು ಅಮೆರಿಕವನ್ನು ದ್ವೇಷಿಸುತ್ತಾರೆಯೇ?

1990ರ ಜನವರಿಯಲ್ಲಿ ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಮೊದಲ ಮೆಕ್‌ಡೊನಾಲ್ಡ್ಸ್ ತೆರೆದಾಗ ಸಾವಿರಾರು ಜನ ಚಳಿಯಲ್ಲಿ ಸಾಲುಗಟ್ಟಿ ನಿಂತರು. ಆ ದಶಕದ ಆರಂಭದಲ್ಲಿ ಬಹುಪಾಲು ರಷ್ಯನ್ನರಿಗೆ ಅಮೆರಿಕದ ಬಗ್ಗೆ ಒಳ್ಳೆಯ ಅಭಿಪ್ರಾಯವಿತ್ತು. 1999ರಲ್ಲಿ ನ್ಯಾಟೊ ಕೂಟ ಯುಗೊಸ್ಲಾವಿಯದ ಮೇಲೆ ಬಾಂಬ್ ಹಾಕಿದಾಗ ಆ ಅಭಿಪ್ರಾಯ ಕುಸಿಯಿತು. ಆಗ ವಾಷಿಂಗ್ಟನ್ನಿಗೆ ಹೊರಟಿದ್ದ ಪ್ರಧಾನಿ ಪ್ರಿಮಕೋವ್ ಅಟ್ಲಾಂಟಿಕ್ ಮೇಲಿಂದಲೇ ವಿಮಾನವನ್ನು ಹಿಂದಕ್ಕೆ ತಿರುಗಿಸಿದ್ದು ಅಲ್ಲಿ ಇಂದಿಗೂ ನೆನಪಾಗುವ ಘಟನೆ. ನೆರೆಯ ಜಾರ್ಜಿಯಾದ ಜೊತೆ ಯುದ್ಧ ನಡೆದ 2008ರಲ್ಲಿ ಮತ್ತೊಂದು ಕುಸಿತ. 2014ರಲ್ಲಿ ಉಕ್ರೇನಿನ ಕ್ರೈಮಿಯಾವನ್ನು ರಷ್ಯಾ ವಶಪಡಿಸಿಕೊಂಡ ನಂತರ, 2015ರ ಆರಂಭದಲ್ಲಿ, ಲೆವಾಡಾ ಕೇಂದ್ರ ಎಂಬ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಹತ್ತರಲ್ಲಿ ಎಂಟು ಮಂದಿ ಅಮೆರಿಕದ ಬಗ್ಗೆ ಕೆಟ್ಟ ಅಭಿಪ್ರಾಯ ಹೇಳಿದರು. 2018ರ ಬೇಸಿಗೆಯಲ್ಲಿ ವಿಶ್ವಕಪ್ ಫುಟ್‌ಬಾಲ್ ಮತ್ತು ಹೆಲ್ಸಿಂಕಿಯ ಶೃಂಗಸಭೆ ನಡೆದ ಹೊತ್ತಿಗೆ ಪರ, ವಿರೋಧ ಎರಡೂ ಹೆಚ್ಚುಕಡಿಮೆ ಸಮವಾಗಿದ್ದವು. ಮೂರೇ ವರ್ಷಗಳಲ್ಲಿ ಇಷ್ಟು ಏರಿಳಿಯುವ ಭಾವನೆಯನ್ನು ದ್ವೇಷ ಎಂದಾಗಲಿ ಸ್ವಭಾವ ಎಂದಾಗಲಿ ಕರೆಯುವುದು ಸರಿಯಲ್ಲ. ದೂರದರ್ಶನದ ಸ್ವರ ಬದಲಾದಂತೆ ಉತ್ತರವೂ ಬದಲಾಗುತ್ತದೆ.

ಈ ಏರಿಳಿತಗಳ ಅಡಿಯಲ್ಲಿ ಬದಲಾಗದ ಒಂದು ಅಂಶವಿದೆ: ತಮ್ಮನ್ನು ಸಮಾನರೆಂದು ನಡೆಸಿಕೊಳ್ಳಲಿಲ್ಲ ಎಂಬ ನೋವು. ನ್ಯಾಟೊ ಪೂರ್ವಕ್ಕೆ ಬರುವುದಿಲ್ಲವೆಂದು 1990ರಲ್ಲಿ ಗೋರ್ಬಚೇವ್‌ಗೆ ಬಾಯಿಮಾತಿನ ಭರವಸೆ ಸಿಕ್ಕಿತ್ತೆಂದು ರಷ್ಯನ್ನರು ಹೇಳುತ್ತಾರೆ. ಜರ್ಮನಿಯ ಏಕೀಕರಣದ ಮಾತುಕತೆಯಲ್ಲಿ ಅಂಥ ಮಾತು ಬಂದದ್ದು ನಿಜ, ಯಾವ ಒಪ್ಪಂದದಲ್ಲೂ ಅದು ಬರಹಕ್ಕಿಳಿಯಲಿಲ್ಲ ಎಂಬುದೂ ನಿಜ. 1999ರಲ್ಲಿ ಮೂರು ದೇಶ, 2004ರಲ್ಲಿ ಏಳು ದೇಶ ಆ ಕೂಟ ಸೇರಿದವು. ಮಾಸ್ಕೋ ಇದನ್ನು ಸುತ್ತುವರಿಯುವಿಕೆ ಎಂದು ಓದುತ್ತದೆ. ಆ ದೇಶಗಳು ತಾವಾಗಿಯೇ ಬಾಗಿಲು ತಟ್ಟಿ ಒಳಬಂದವು, ತಟ್ಟಲು ಕಾರಣ ರಷ್ಯಾದ ಜೊತೆಗಿನ ಹಿಂದಿನ ಅನುಭವವೇ ಎಂಬ ಮಾತು ಮಾಸ್ಕೋದಲ್ಲಿ ಕೇಳಿಬರುವುದು ಅಪರೂಪ.

ಉಕ್ರೇನನ್ನು ಅವರು ಬೇರೆ ದೇಶವೆಂದು ಏಕೆ ಒಪ್ಪುವುದಿಲ್ಲ?

ಎಲ್ಲರೂ ಒಪ್ಪುವುದಿಲ್ಲ ಎಂದಲ್ಲ, ಆದರೆ ಅನೇಕರಿಗೆ ಒಪ್ಪುವುದು ಕಷ್ಟ. 988ರಲ್ಲಿ ಕೀವ್‌ನ ದೊರೆ ವ್ಲಾದಿಮಿರ್ ಕ್ರೈಸ್ತ ಧರ್ಮ ಸ್ವೀಕರಿಸಿದ್ದನ್ನು ಎರಡೂ ದೇಶಗಳು ತಮ್ಮ ಮೂಲವೆಂದು ಎಣಿಸುತ್ತವೆ. ಎರಡೂ ಕಡೆ ಲಕ್ಷಾಂತರ ಕುಟುಂಬಗಳು ಮದುವೆಯಿಂದ ಬೆಸೆದುಕೊಂಡಿವೆ. ಈ ಆತ್ಮೀಯತೆಯಲ್ಲೇ ಒಂದು ಅಹಂಕಾರ ಅಡಗಿದೆ: ‘ನೀವು ನಮ್ಮ ತಮ್ಮಂದಿರು’ ಎನ್ನುವವರು ತಮ್ಮನಿಗೂ ಸ್ವಂತ ಮನೆ ಕಟ್ಟಿಕೊಳ್ಳುವ ಹಕ್ಕಿದೆ ಎಂಬುದನ್ನು ಮರೆಯುತ್ತಾರೆ. 1932–33ರ ಭೀಕರ ಬರಗಾಲದಲ್ಲಿ ಸ್ಟಾಲಿನ್ ಸರ್ಕಾರ ಧಾನ್ಯ ಕಸಿದದ್ದರಿಂದ ಸತ್ತ ಲಕ್ಷಾಂತರ ರೈತರ ನೆನಪು ಉಕ್ರೇನಿಗೆ ಮೂಲಭೂತವಾದದ್ದು. 1991ರ ಡಿಸೆಂಬರ್ 1ರ ಜನಮತದಲ್ಲಿ ಅಲ್ಲಿ ಶೇ. 90ಕ್ಕೂ ಹೆಚ್ಚು ಮತದಾರರು ಸ್ವಾತಂತ್ರ್ಯ ಬಯಸಿದರು. 1994ರ ಬುಡಾಪೆಸ್ಟ್ ದಸ್ತಾವೇಜಿನಲ್ಲಿ ಉಕ್ರೇನ್ ಅಣ್ವಸ್ತ್ರ ಬಿಟ್ಟುಕೊಟ್ಟಾಗ ಅದರ ಗಡಿಗಳನ್ನು ಗೌರವಿಸುವುದಾಗಿ ರಷ್ಯಾವೇ ಸಹಿ ಹಾಕಿತ್ತು. ಹೀಗಿರುವಾಗ 2022ರ ಫೆಬ್ರುವರಿ 24ರ ದಾಳಿಗೆ ಯಾವ ಚಾರಿತ್ರಿಕ ನೋವೂ ಸಮರ್ಥನೆಯಾಗಲಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಯುದ್ಧಕ್ಕೆ ಜನರ ಬೆಂಬಲ ನಿಜವೇ?

ರಷ್ಯಾದಲ್ಲಿ ಇಂದಿಗೂ ಸ್ವತಂತ್ರವಾಗಿ ಸಮೀಕ್ಷೆ ನಡೆಸುವ ಪ್ರಮುಖ ಸಂಸ್ಥೆಯಾದ ಲೆವಾಡಾ ಕೇಂದ್ರವನ್ನು ಸರ್ಕಾರ 2016ರಲ್ಲಿ ‘ವಿದೇಶಿ ಏಜೆಂಟ್’ ಎಂದು ಗುರುತಿಸಿತು. ಅದರ ಸಮೀಕ್ಷೆಗಳಲ್ಲಿ ಹತ್ತರಲ್ಲಿ ಏಳು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸೇನೆಯ ಕ್ರಮವನ್ನು ಬೆಂಬಲಿಸುವುದಾಗಿ ಹೇಳುತ್ತಾರೆ. ಅದೇ ಸಮೀಕ್ಷೆಗಳಲ್ಲಿ, 2022ರ ಶರತ್ಕಾಲದ ನಂತರ, ಯುದ್ಧ ಮುಂದುವರಿಸುವುದಕ್ಕಿಂತ ಶಾಂತಿ ಮಾತುಕತೆ ಮೇಲು ಎನ್ನುವವರು ಸಾಮಾನ್ಯವಾಗಿ ಹೆಚ್ಚು. ಎರಡೂ ಉತ್ತರಗಳನ್ನು ಒಬ್ಬನೇ ಕೊಡುತ್ತಾನೆ. ಆತ ಸುಳ್ಳು ಹೇಳುತ್ತಿದ್ದಾನೆ ಎಂದೇನಲ್ಲ: ದೇಶ ಯುದ್ಧದಲ್ಲಿರುವಾಗ ತನ್ನ ಕಡೆಯನ್ನು ಬಿಟ್ಟುಕೊಡಲಾರ, ಹಾಗೆಯೇ ಆ ಯುದ್ಧ ತನ್ನ ಮನೆಗೆ ಬರುವುದನ್ನೂ ಬಯಸಲಾರ.

ಅಳುಕಿನ ಪಾಲನ್ನೂ ಕಡೆಗಣಿಸುವಂತಿಲ್ಲ. 2022ರ ಮಾರ್ಚ್ 4ರ ಕಾನೂನಿನ ಪ್ರಕಾರ ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೆ ಜೈಲು. ಮಕ್ಕಳು ಸಾಯುತ್ತಿರುವಾಗ ಮಕ್ಕಳ ಚಿತ್ರಕಲಾ ಸ್ಪರ್ಧೆ ನಡೆಸುವುದು ಸರಿಯೇ ಎಂದು ಮಾಸ್ಕೋದ ಬಡಾವಣೆ ಮಂಡಳಿಯ ಸಭೆಯಲ್ಲಿ ಕೇಳಿದ ಸದಸ್ಯ ಅಲೆಕ್ಸೇಯ್ ಗೋರಿನೋವ್ ಅವರಿಗೆ ಅದೇ ಜುಲೈಯಲ್ಲಿ ಏಳು ವರ್ಷ ಶಿಕ್ಷೆಯಾಯಿತು. ಹೀಗಿರುವ ದೇಶದಲ್ಲಿ ಅಪರಿಚಿತರು ಫೋನಿನಲ್ಲಿ ಅಭಿಪ್ರಾಯ ಕೇಳಿದರೆ ಜನ ಯಾವ ಉತ್ತರ ಕೊಡಬಹುದು? ಮಾತಿಗಿಂತ ನಡೆ ಹೆಚ್ಚು ತಿಳಿಸುತ್ತದೆ: ಆ ಸೆಪ್ಟೆಂಬರ್ 21ರಂದು ಮೂರು ಲಕ್ಷ ಮೀಸಲು ಸೈನಿಕರ ಭರ್ತಿ ಘೋಷಣೆಯಾದಾಗ ಜಾರ್ಜಿಯಾ ಮತ್ತು ಕಜಾಕಸ್ತಾನದ ಗಡಿಗಳಲ್ಲಿ ಕಾರುಗಳ ಸಾಲು ಮೈಲಿಗಟ್ಟಲೆ ಬೆಳೆಯಿತು. ಆಮೇಲೆ ಸರ್ಕಾರ ಬಲವಂತದ ಭರ್ತಿ ಬಿಟ್ಟು, ಬಡ ಊರುಗಳಲ್ಲಿ ವರ್ಷಗಳ ಸಂಬಳಕ್ಕೆ ಸಮನಾದ ಹಣ ಕೊಟ್ಟು ಸೈನಿಕರನ್ನು ಸೇರಿಸಿಕೊಳ್ಳುವ ದಾರಿ ಹಿಡಿದದ್ದು, ಹಳೆಯ ಮೌನ ಒಪ್ಪಂದ ಎಲ್ಲಿ ಮುರಿಯುತ್ತದೆಂದು ಅದಕ್ಕೆ ಗೊತ್ತಿದ್ದುದರಿಂದಲೇ.

ಅವರು ಪ್ರತಿಭಟಿಸುವುದೇ ಇಲ್ಲವೇ?

ಈ ನಂಬಿಕೆ ತಪ್ಪು. ಮಾಸ್ಕೋದ ಕಸವನ್ನು ತಂದು ಸುರಿಯುವ ಯೋಜನೆಯ ವಿರುದ್ಧ ಅರ್ಖಾಂಗೆಲ್ಸ್ಕ್ ಪ್ರಾಂತ್ಯದ ಶಿಯೆಸ್ ಎಂಬಲ್ಲಿ ಜನ 2018ರಿಂದ 2020ರವರೆಗೆ ಹಿಮದಲ್ಲಿ ಡೇರೆ ಹಾಕಿ ಕೂತು ಗೆದ್ದರು. ಯೆಕಾತೆರಿನ್‌ಬುರ್ಗ್ ನಗರದ ಉದ್ಯಾನದಲ್ಲಿ ಚರ್ಚ್ ಕಟ್ಟುವುದನ್ನು 2019ರಲ್ಲಿ ನಿಲ್ಲಿಸಿದರು. ಬಷ್ಕೊರ್ತೊಸ್ತಾನದ ಕುಷ್ತಾವ್ ಬೆಟ್ಟವನ್ನು 2020ರಲ್ಲಿ ಗಣಿಗಾರಿಕೆಯಿಂದ ಉಳಿಸಿಕೊಂಡರು. ಅದೇ ವರ್ಷ ಖಬಾರೊವ್ಸ್ಕ್‌ನಲ್ಲಿ ತಾವು ಆರಿಸಿದ ರಾಜ್ಯಪಾಲರ ಬಂಧನದ ವಿರುದ್ಧ ತಿಂಗಳುಗಟ್ಟಲೆ ಬೀದಿಗಿಳಿದರು. 2018ರಲ್ಲಿ ನಿವೃತ್ತಿ ವಯಸ್ಸು ಏರಿಸಿದಾಗ ಪುಟಿನ್ ಜನಪ್ರಿಯತೆ ತೀವ್ರವಾಗಿ ಇಳಿಯಿತು, ಮಹಿಳೆಯರ ವಯೋಮಿತಿಯನ್ನು ಅವರೇ ಸಡಿಲಿಸಬೇಕಾಯಿತು. ತಮ್ಮ ನೆಲ, ತಮ್ಮ ಗಾಳಿ, ತಮ್ಮ ಪಿಂಚಣಿಯ ವಿಷಯದಲ್ಲಿ ಅವರು ಹೋರಾಡುತ್ತಾರೆ. ವಿದೇಶಾಂಗ ನೀತಿ ಮಾತ್ರ ಮೇಲಿನವರ ಸ್ವತ್ತು ಎಂದು ಬಿಟ್ಟುಕೊಟ್ಟಿದ್ದಾರೆ.

ಸ್ಟಾಲಿನ್‌ನನ್ನು ಈಗಲೂ ಹೊಗಳುತ್ತಾರೆಯೇ?

ಹೊಗಳುವವರು ಹೆಚ್ಚುತ್ತಿದ್ದಾರೆ. 1937–38ರ ಎರಡೇ ವರ್ಷಗಳಲ್ಲಿ ಸುಮಾರು 6.8 ಲಕ್ಷ ಜನರಿಗೆ ಮರಣದಂಡನೆಯಾದದ್ದು ಸೋವಿಯತ್ ದಾಖಲೆಗಳಲ್ಲೇ ಇದೆ. ಹಾಗಿದ್ದೂ ಯುದ್ಧ ಗೆದ್ದವನು ಎಂಬ ಚಿತ್ರ ಉಳಿದೆಲ್ಲವನ್ನೂ ಮುಚ್ಚುತ್ತದೆ. ಆ ಬಲಿಗಳ ಹೆಸರುಗಳನ್ನು ದಶಕಗಳ ಕಾಲ ಕಲೆಹಾಕಿದ ‘ಮೆಮೋರಿಯಲ್’ ಸಂಸ್ಥೆಯನ್ನು ಮುಚ್ಚುವಂತೆ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ಆದೇಶಿಸಿತು. ಮರುವರ್ಷ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿಯ ಪಾಲು ಸಿಕ್ಕಿತು.

ಚೀನಾದ ಮೇಲೆ ನಂಬಿಕೆ ಇದೆಯೇ?

1969ರ ಮಾರ್ಚ್‌ನಲ್ಲಿ ಉಸ್ಸುರಿ ನದಿಯ ದಮಾನ್ಸ್ಕಿ ದ್ವೀಪಕ್ಕಾಗಿ ಎರಡೂ ದೇಶಗಳ ಸೈನಿಕರು ಕಾದಾಡಿ ಸತ್ತಿದ್ದರು. ಇಂದು ಸಮೀಕ್ಷೆಗಳಲ್ಲಿ ಚೀನಾ ಅತ್ಯಂತ ಸ್ನೇಹಪರ ದೇಶಗಳ ಪಟ್ಟಿಯ ಮೇಲ್ತುದಿಯಲ್ಲಿದೆ.

ಭಾರತದ ಬಗ್ಗೆ, ಕರ್ನಾಟಕದ ಬಗ್ಗೆ ಅವರಿಗೆ ಏನು ಗೊತ್ತು?

ಹಳೆಯ ತಲೆಮಾರಿಗೆ ರಾಜ್ ಕಪೂರ್ ಗೊತ್ತು. 1971ರ ಆಗಸ್ಟ್ 9ರ ಮೈತ್ರಿ ಒಪ್ಪಂದ ಗೊತ್ತು. ಹದಿನೈದನೇ ಶತಮಾನದಲ್ಲಿ ತ್ವೇರ್ ನಗರದ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿಗಳ ಬೀದರಿಗೆ ಬಂದು, ಇಲ್ಲಿ ಸಾಮಂತರ ವೈಭವ ಮಿತಿಮೀರಿದೆ, ಹಳ್ಳಿಯ ಜನ ಬಡವರು ಎಂದು ಬರೆದಿಟ್ಟದ್ದನ್ನು ಅಲ್ಲಿನ ವಿದ್ಯಾವಂತರು ಬಲ್ಲರು. ಕಲಾವಿದ ಸ್ವೆತೊಸ್ಲಾವ್ ರೋರಿಕ್ ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ನೆಲೆಸಿದ್ದರು.

ನಮ್ಮ ಕಡೆಯಿಂದ ನೋಡಿದರೆ ಈ ಸ್ನೇಹಕ್ಕೆ ಈಚೆಗೆ ನೋವೂ ಬೆರೆತಿದೆ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಶೆಲ್ ದಾಳಿಗೆ ಬಲಿಯಾದರು. ಕೆಲಸದ ಆಸೆಗೆ ರಷ್ಯಾಕ್ಕೆ ಹೋಗಿ ಸೇನೆಗೆ ಸಿಲುಕಿದ ಭಾರತೀಯರಲ್ಲಿ ಕಲಬುರಗಿಯ ಯುವಕರೂ ಇದ್ದರೆಂಬುದು 2024ರಲ್ಲಿ ಬೆಳಕಿಗೆ ಬಂತು. ಹಳೆಯ ಋಣವನ್ನು ನೆನೆಯುವುದು ಸರಿ; ಆ ಋಣದ ಹೆಸರಿನಲ್ಲಿ ಈ ಕುಟುಂಬಗಳ ಪ್ರಶ್ನೆಗಳನ್ನು ಮುಚ್ಚಿಹಾಕುವುದು ಸರಿಯಲ್ಲ.

ರಷ್ಯನ್ ಸಹಪಾಠಿ ಅಥವಾ ಸಹೋದ್ಯೋಗಿಯ ಜೊತೆ ರಾಜಕೀಯ ಮಾತನಾಡಬಹುದೇ?

ಮುಖಾಮುಖಿಯಾಗಿ, ಅವರು ತಾವಾಗಿ ವಿಷಯ ತೆಗೆದರೆ, ಖಂಡಿತ ಮಾತನಾಡಬಹುದು. ವಾಟ್ಸ್ಆ್ಯಪ್ ಗುಂಪಿನಲ್ಲಾಗಲಿ ಹತ್ತು ಜನರ ಎದುರಾಗಲಿ ‘ನೀವು ಯಾರ ಕಡೆ’ ಎಂದು ಕೇಳಬೇಡಿ. ನಿಮಗೆ ಅದು ಕುತೂಹಲ, ಅವರಿಗೆ ಅದು ಊರಿನಲ್ಲಿರುವ ತಂದೆತಾಯಿಯ ಕ್ಷೇಮದ ಪ್ರಶ್ನೆಯಾಗಬಹುದು. ಅಲ್ಲಿಗೆ ಹಿಂತಿರುಗಬೇಕಾದವರ ಫೋನಿಗೆ ಯುದ್ಧದ ಬಗೆಗಿನ ಲೇಖನ, ಚಿತ್ರಗಳನ್ನು ಕಳಿಸಬೇಡಿ. ಗಡಿಯಲ್ಲಿ ಫೋನ್ ತಪಾಸಣೆ ನಡೆಯುವುದುಂಟು. ಅವರ ಸರ್ಕಾರ ಮಾಡಿದ್ದಕ್ಕೆ ಅವರಿಂದ ಉತ್ತರ ಕೇಳುವ ಬದಲು, ಅವರ ಮನೆಯವರು 1941ರಲ್ಲಿ ಎಲ್ಲಿದ್ದರು, 1992ರಲ್ಲಿ ಹೇಗೆ ಬದುಕಿದರು ಎಂದು ಕೇಳಿ, ಸಾವಧಾನದಿಂದ ಕೇಳಿಸಿಕೊಳ್ಳಿ. ಅದೇ ಕೋಣೆಯಲ್ಲಿ ಉಕ್ರೇನಿನವರೊಬ್ಬರು ಇದ್ದರೆ ಈ ಸಂಭಾಷಣೆಯನ್ನು ಮತ್ತೊಂದು ದಿನಕ್ಕೆ ಮುಂದೂಡಿ, ಮೊದಲು ಅವರ ಊರಿನ ಸುದ್ದಿ ವಿಚಾರಿಸಿ.